ಐರಿಶ್ ಪಾದ್ರಿಯ ಭಾನುವಾರ: ಶುಕ್ರವಾರದ ಚರ್ಚೆಗೆ ಟಿಪ್ಪಣಿ

ಸದಸ್ಯರೇ, ನಮ್ಮ ವಿಷಯ ಹಿಂದಿನ ಕಾಲದಲ್ಲಿ ಅಮೆರಿಕದ ಸಣ್ಣ ಊರುಗಳಿಗೆ ಹೋದ ಐರಿಶ್ ಕ್ಯಾಥೊಲಿಕ್ ಪಾದ್ರಿಗಳು. ಇಷ್ಟನ್ನು ಓದಿಕೊಂಡು ಬನ್ನಿ.

ಹೊರನಾಡಿಗೆ ಕಳಿಸಲೆಂದೇ ಪಾದ್ರಿಗಳನ್ನು ತಯಾರು ಮಾಡುತ್ತಿದ್ದ ಆಲ್ ಹ್ಯಾಲೋಸ್ ಕಾಲೇಜು ಡಬ್ಲಿನ್‌ನಲ್ಲಿ 1842ರಲ್ಲಿ ಶುರುವಾಯಿತು. ಅಮೆರಿಕದಲ್ಲಿ ದಿಕ್ಕಿಲ್ಲದ ಹುಡುಗರಿಗಾಗಿ ಬಾಯ್ಸ್ ಟೌನ್ ಎಂಬ ಆಶ್ರಯಧಾಮ ಕಟ್ಟಿದ ಐರಿಶ್ ಪಾದ್ರಿ ಫಾದರ್ ಫ್ಲನಗನ್ ಅಲ್ಲಿ ಓದಿದವರಲ್ಲ, ಗೊಂದಲ ಬೇಡ. ಆದರೆ 1912ರಲ್ಲಿ ಅವರ ಮೊದಲ ನೇಮಕವೂ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಓನೀಲ್ ಎಂಬ ಸಣ್ಣ ಊರಿಗೇ.

ಚರ್ಚ್ ಇಲ್ಲದ ಕಡೆ ರೈತರ ಮನೆಯ ಮೇಜೇ ಬಲಿಪೀಠ. ಪಾದ್ರಿಯ ಪೆಟ್ಟಿಗೆಯಲ್ಲಿ ಸಂತರ ಅವಶೇಷವಿಟ್ಟ ಸಣ್ಣ ಕಲ್ಲು, ಪಾನಪಾತ್ರೆ, ಹುಳಿಯಿಲ್ಲದ ಗೋಧಿ ರೊಟ್ಟಿ, ದ್ರಾಕ್ಷಾರಸ, ಎರಡು ಜೇನುಮೇಣದ ಬತ್ತಿ, ಲ್ಯಾಟಿನ್ ಪೂಜಾಗ್ರಂಥ. ಕಲ್ಲು ಮರೆತರೆ ಪೂಜೆ ನಿಲ್ಲುತ್ತಿತ್ತು.

ನಿಜವಾದ ಕಷ್ಟ ಉಪವಾಸದ್ದು. 1953ರವರೆಗೆ ಪಾದ್ರಿ ಮಧ್ಯರಾತ್ರಿಯಿಂದ ಪೂಜೆಯವರೆಗೆ ನೀರೂ ಕುಡಿಯುವಂತಿರಲಿಲ್ಲ. ಭಾನುವಾರ ಎರಡು ಊರಲ್ಲಿ ಪೂಜೆ ಮಾಡಲು ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಬೇಕಿತ್ತು. ಪೂಜೆಯ ಕೊನೆಗೆ ಪಾನಪಾತ್ರೆ ತೊಳೆದ ನೀರನ್ನು ಪಾದ್ರಿಯೇ ಕುಡಿಯುವುದು ರೂಢಿ; ಮೊದಲ ಪೂಜೆಯಲ್ಲಿ ಅದನ್ನು ಕುಡಿದರೆ ಉಪವಾಸ ಮುರಿದು ಎರಡನೆಯದು ತಪ್ಪುತ್ತಿತ್ತು. ನಡುವೆ ಹತ್ತಾರು ಮೈಲಿ ಕುದುರೆಗಾಡಿ, ಖಾಲಿ ಹೊಟ್ಟೆ!

ಚಳಿಗಾಲಕ್ಕೂ ನಿಯಮವಿತ್ತು. ಪಾತ್ರೆಯಲ್ಲಿ ದ್ರಾಕ್ಷಾರಸ ಹೆಪ್ಪುಗಟ್ಟಿದರೆ ಬಿಸಿ ಬಟ್ಟೆ ಸುತ್ತಬೇಕು. ಕರಗದಿದ್ದರೆ ಒಳಕ್ಕೆ ನೀರು ಹೋಗದಂತೆ ಪಾತ್ರೆಯನ್ನು ಕುದಿನೀರಲ್ಲಿ ಇಡಬೇಕು.

ಜ್ಞಾನಸ್ನಾನದ (ಬ್ಯಾಪ್ಟಿಸಂ) ದಾಖಲೆ ನೋಡುವವರು ಗಮನಿಸಿ: ಹೆಸರುಗಳು ಲ್ಯಾಟಿನ್‌ನಲ್ಲಿರುತ್ತವೆ. ಜೇಮ್ಸ್ ಅಲ್ಲಿ ‘ಯಾಕೋಬುಸ್’, ವಿಲಿಯಂ ‘ಗುಲಿಯೆಲ್ಮುಸ್’.