ಎರಡು ಡ್ಯೂಟಿಗಳ ನಡುವೆ ಎಷ್ಟು ಗಂಟೆ?

ಮಾನ್ಯ ಸಂಪಾದಕರೇ,

ನಾನು 21 ವರ್ಷಗಳಿಂದ ವಾರ್ಡ್ ನರ್ಸ್. ನಮ್ಮ ದಣಿವಿನ ಮಾತು ಬಂದಾಗಲೆಲ್ಲ ‘ಈಗಿನವರಿಗೆ ಸೇವಾ ಮನೋಭಾವ ಕಡಿಮೆ’ ಎನ್ನುವವರಿದ್ದಾರೆ. ಅವರಿಗೆ ಒಂದು ರಾತ್ರಿಯ ವಿಷಯ ಹೇಳಬೇಕು.

ಅದು ಸತತ ಐದನೇ ನೈಟ್ ಡ್ಯೂಟಿ. ಬೆಳಗಿನ ಜಾವ ನಾಲ್ಕರ ಹೊತ್ತು, ಮೈಯ ಉಷ್ಣಾಂಶವೇ ಇಳಿದಿರುವ ಸಮಯ. ಹೃದ್ರೋಗಿಯೊಬ್ಬರಿಗೆ ಔಷಧವನ್ನು ನಿಗದಿತ ವೇಗದಲ್ಲಿ ರಕ್ತನಾಳಕ್ಕೆ ಹರಿಸುವ ಇನ್ಫ್ಯೂಷನ್ ಪಂಪ್‌ನಲ್ಲಿ ಗಂಟೆಗೆ 8 ಎಂ.ಎಲ್. ಎಂದು ಒತ್ತಬೇಕಿತ್ತು. ಜೊತೆಗಿದ್ದ ಹೊಸ ಹುಡುಗಿ ಹೆದರುತ್ತಲೇ, ‘ಸಿಸ್ಟರ್, ಎಂಬತ್ತು ಇದೆ ಅಲ್ವಾ?’ ಅಂದಳು. ಸ್ಟಾರ್ಟ್ ಬಟನ್ ಇನ್ನೂ ಒತ್ತಿರಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಆ ಸೊನ್ನೆಗಿಂತ ಹೆಚ್ಚಾಗಿ ಇನ್ನೊಂದು ಸಂಗತಿ: ನನಗೆ ಆಗ ತೂಕಡಿಕೆಯೇ ಇರಲಿಲ್ಲ. ಪೂರ್ತಿ ಎಚ್ಚರವಾಗಿದ್ದೇನೆ ಎಂದೇ ನಂಬಿದ್ದೆ.

ಸತತ 17 ಗಂಟೆ ಎಚ್ಚರವಿದ್ದವರ ಕಣ್ಣು-ಕೈಗಳ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇದ್ದವರಷ್ಟೇ ಕುಸಿದಿರುತ್ತದೆ ಎಂದು 1997ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಕುಡಿದು ಬಂದ ನರ್ಸನ್ನು ವಾರ್ಡಿನೊಳಗೆ ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಆದರೆ ಬದಲಿಯವರು ಬಂದಿಲ್ಲವೆಂದು ಹಗಲಿನ ಡ್ಯೂಟಿ ಮುಗಿಸಿದವಳನ್ನೇ ರಾತ್ರಿಗೂ ಉಳಿಸಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ನಾನೂ ಉಳಿದಿದ್ದೇನೆ.

ಡಬಲ್ ಡ್ಯೂಟಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಸಂಜೆ ಪಾಳಿಯ ಮರುದಿನವೇ ಬೆಳಗಿನ ಪಾಳಿ ಹಾಕುವುದು ಯಾರ ಗಮನಕ್ಕೂ ಬರುವುದಿಲ್ಲ. ರಾತ್ರಿ ಒಂಬತ್ತಕ್ಕೆ ಮುಗಿಯಬೇಕಾದದ್ದು ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಟ್ಟು, ಚಾರ್ಟ್ ಬರೆದು ಏಳುವಾಗ ಹತ್ತಾಗಿರುತ್ತದೆ. ಬೆಳಿಗ್ಗೆ ಏಳಕ್ಕೆ ಮತ್ತೆ ಹಾಜರಿರಬೇಕು. ಹೋಗಿಬರುವ ಹೊತ್ತು, ಮನೆಗೆಲಸ ಕಳೆದರೆ ನಿದ್ದೆಗೆ ಉಳಿಯುವುದೆಷ್ಟು? ಡ್ಯೂಟಿ ಹಂಚುವ ಪಟ್ಟಿಯಾದ ರೋಸ್ಟರಿನಲ್ಲಿ ಮಾತ್ರ ಅದು ಎರಡು ದಿನಕ್ಕೆ ಎರಡೇ ಡ್ಯೂಟಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ನರ್ಸಿಂಗ್ ಸಿಬ್ಬಂದಿಗಾಗಿಯೇ 1977ರಲ್ಲಿ ಹೊರಡಿಸಿದ 157ನೇ ಶಿಫಾರಸು, ಎರಡು ಪಾಳಿಗಳ ನಡುವೆ ಕನಿಷ್ಠ 12 ಗಂಟೆಗಳ ನಿರಂತರ ವಿಶ್ರಾಂತಿ ಇರಬೇಕೆನ್ನುತ್ತದೆ.

ಕೆಲಸ ಮಾಡುವ ಸಾಮರ್ಥ್ಯ ಅಳೆಯಲು ಫಿನ್ಲೆಂಡಿನ ತಜ್ಞರು 1980ರ ದಶಕದಲ್ಲಿ ರೂಪಿಸಿದ ಪ್ರಶ್ನಾವಳಿಯೊಂದಿದೆ. ನಿಮ್ಮ ಜೀವನದ ಅತ್ಯುತ್ತಮ ಸಾಮರ್ಥ್ಯಕ್ಕೆ 10 ಅಂಕವಾದರೆ ಇವತ್ತಿನದಕ್ಕೆ ಎಷ್ಟು ಕೊಡುತ್ತೀರಿ ಎಂಬುದು ಅದರ ಮೊದಲ ಪ್ರಶ್ನೆ. ನಾನು 6 ಕೊಟ್ಟುಕೊಂಡೆ. ನರ ಹುಡುಕಿ ಸೂಜಿ ಹಾಕುವ ಕೈ ಇನ್ನೂ ಚುರುಕಾಗಿದೆ. ರೋಗಿಯನ್ನು ಮಗ್ಗುಲು ಬದಲಿಸುವಾಗ ಸೊಂಟ ಮಾತು ಕೇಳುವುದಿಲ್ಲ. ನಮ್ಮ ತೂಕ, ಬಿ.ಪಿ., ಹೆಪಟೈಟಿಸ್ ಲಸಿಕೆ ಎಲ್ಲವೂ ದಾಖಲೆಯಲ್ಲಿವೆ. ಈ ಪ್ರಶ್ನೆಯನ್ನು ಮಾತ್ರ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ರೋಸ್ಟರ್ ಬರೆಯುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಡ್ಯೂಟಿಯ ಗಂಟೆಗಳ ಜೊತೆ ನಡುವಿನ ಬಿಡುವಿನ ಗಂಟೆಗಳನ್ನೂ ಎಣಿಸಿ. ರಾತ್ರಿಗಳನ್ನು ಮೂರಕ್ಕೆ ನಿಲ್ಲಿಸಿ. ‘ಇವತ್ತು ನನ್ನಿಂದಾಗದು, ಈ ಡೋಸನ್ನು ಇನ್ನೊಬ್ಬರು ನೋಡಲಿ’ ಎಂದು ಹೇಳುವವಳ ಹೆಸರಿನ ಮುಂದೆ ದಯವಿಟ್ಟು ಕೆಂಪು ಗೆರೆ ಎಳೆಯಬೇಡಿ.

– ಹಿರಿಯ ಶುಶ್ರೂಷಕಿ
(ಹೆಸರು ಪ್ರಕಟಿಸಬಾರದೆಂದು ಕೋರಿಕೆ)