ಎಕೋ ಯಂತ್ರದ ಜೊತೆಗೆ ಎಕೋ ತಂತ್ರಜ್ಞರನ್ನೂ ಕೊಡಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ರಾಯಚೂರಿನಿಂದ ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು. ನಮ್ಮ ಭಾಗದ ಆಸ್ಪತ್ರೆಗಳಿಗೆ ಅಲ್ಟ್ರಾಸೌಂಡ್ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ಎಕೋ ಯಂತ್ರ ಕೊಡಿ ಎಂಬ ಮನವಿಗಳನ್ನು ತಾವು ನೋಡಿರುತ್ತೀರಿ. ನಾವು ಕೇಳುತ್ತಿರುವುದು ಆ ಯಂತ್ರ ನಡೆಸುವವರನ್ನು. ರಾಯಚೂರು, ಬಳ್ಳಾರಿ, ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿಯೇ ಎಕೋ ತಂತ್ರಜ್ಞರಿಗೆ ಪ್ರತ್ಯೇಕವಾದ, ಕಟ್ಟುನಿಟ್ಟಾದ ತರಬೇತಿ ಶುರುವಾಗಬೇಕು. ಎಕೋ ಕೊಠಡಿಯಲ್ಲಿ ಕೆಲಸ ಮಾಡುವವರು ಮತ್ತು ಆ ಕೆಲಸ ಕಲಿಸುವವರು ಸೇರಿ ಇದನ್ನು ಬರೆಯುತ್ತಿದ್ದೇವೆ. ತಾಂತ್ರಿಕ ವಿವರ ಸ್ವಲ್ಪ ಹೆಚ್ಚೇ ಇದೆ, ಏಕೆಂದರೆ ರೋಗಿಗೆ ಪೆಟ್ಟು ಬೀಳುವುದು ಆ ವಿವರಗಳಲ್ಲಿ ತಪ್ಪಿದಾಗಲೇ.

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಒಳ್ಳೆಯ ವ್ಯವಸ್ಥೆ. ಎಕೋಗೂ ಹಾಗೆಯೇ ಮಾಡಿದರಾಯಿತಲ್ಲ ಎಂದು ಯಾರಾದರೂ ತಮಗೆ ಹೇಳಬಹುದು. ಆದರೆ ಇಸಿಜಿಯಲ್ಲಿ ಎದೆಗೆ ಆರು, ಕೈಕಾಲಿಗೆ ನಾಲ್ಕು ಎಲೆಕ್ಟ್ರೋಡ್‌ಗಳನ್ನು ಗೊತ್ತಾದ ಜಾಗದಲ್ಲಿ ಹಚ್ಚಿದರೆ ಉಳಿದದ್ದನ್ನು ಯಂತ್ರವೇ ಬರೆಯುತ್ತದೆ. ಎಕೋದಲ್ಲಿ ಪಕ್ಕೆಲುಬುಗಳ ಸಂದಿಯಲ್ಲಿ ಪ್ರೋಬ್ (ಅಲೆ ಕಳಿಸಿ ಹಿಡಿಯುವ ಕೈಸಲಕರಣೆ) ಎಲ್ಲಿಟ್ಟರು, ಎಷ್ಟು ತಿರುಗಿಸಿದರು, ಎಷ್ಟು ಬಾಗಿಸಿದರು ಎಂಬುದರ ಮೇಲೆ ಚಿತ್ರವೇ ಬೇರೆಯಾಗುತ್ತದೆ. ತಪ್ಪು ಕೋನದಿಂದ ತೆಗೆದ ಚಿತ್ರವನ್ನು ಬೆಂಗಳೂರಿನಲ್ಲಿ ಕುಳಿತ ಎಂಥ ತಜ್ಞರೂ ಸರಿಪಡಿಸಲಾರರು.

ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಕವಾಟ ಕಿರಿದಾದ ರೋಗಿಯನ್ನೇ ತೆಗೆದುಕೊಳ್ಳಿ. ಕವಾಟದ ಮೂಲಕ ರಕ್ತ ನುಗ್ಗುವ ವೇಗವನ್ನು, ಅದಕ್ಕೆ ಬಡಿದು ಮರಳುವ ಅಲೆಯ ಬದಲಾವಣೆ ನೋಡಿ, ಡಾಪ್ಲರ್‌ನಿಂದ ಅಳೆಯುತ್ತೇವೆ. ಆ ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಒತ್ತಡದ ವ್ಯತ್ಯಾಸ ಸಿಗುತ್ತದೆ. ನಿಜವಾದ ವೇಗ ಸೆಕೆಂಡಿಗೆ 4.5 ಮೀಟರ್ ಇದ್ದರೆ ವ್ಯತ್ಯಾಸ 81 ಮಿಲಿಮೀಟರ್ ಪಾದರಸ. ಡಾಪ್ಲರ್ ಗೆರೆ ರಕ್ತದ ಹರಿವಿಗೆ 30 ಡಿಗ್ರಿ ಓರೆಯಾದರೆ ಯಂತ್ರ ತೋರಿಸುವುದು 3.9 ಮೀಟರ್, ಅಂದರೆ ಸುಮಾರು 61 ಮಿಲಿಮೀಟರ್. ರೋಗ ತೀವ್ರವೆಂದು ಹೇಳುವ ಗಡಿ 4 ಮೀಟರ್. ಆಪರೇಷನ್ ಬೇಕಾದ ರೋಗಿಯ ವರದಿಯಲ್ಲಿ ‘ಮಧ್ಯಮ’ ಎಂದು ಬರೆದು ಮನೆಗೆ ಕಳಿಸಿದಂತಾಯಿತು. ಇದನ್ನು ತಪ್ಪಿಸಲು ಹೃದಯದ ತುದಿಯಿಂದಷ್ಟೇ ನೋಡಿದರೆ ಸಾಲದು. ರೋಗಿಯನ್ನು ಬಲಮಗ್ಗುಲಿಗೆ ಹೊರಳಿಸಿ ಎದೆಮೂಳೆಯ ಬಲಗಡೆಯಿಂದ, ಕುತ್ತಿಗೆಯ ಬುಡದ ಕುಳಿಯಿಂದಲೂ ವೇಗ ಮಾತ್ರ ಅಳೆಯುವ ಸಣ್ಣ ಪೆನ್ಸಿಲ್ ಪ್ರೋಬ್ ಇಟ್ಟು ಅಳೆದು, ಬಂದದ್ದರಲ್ಲಿ ಅತಿ ಹೆಚ್ಚಿನ ವೇಗವನ್ನು ಬರೆಯಬೇಕು. ಈ ಅಭ್ಯಾಸ ಪುಸ್ತಕ ಓದಿ ಬರುವುದಿಲ್ಲ. ಪಕ್ಕದಲ್ಲಿ ನಿಂತು ಕೈ ತಿದ್ದುವವರು ಬೇಕು.

ಇನ್ನೊಂದು ತಪ್ಪು ಮಂಚದಿಂದಲೇ ಶುರುವಾಗುತ್ತದೆ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎಡಗೈಯನ್ನು ತಲೆಯ ಕಡೆಗೆ ಎತ್ತಿಸಿದಾಗ ಹೃದಯದ ತುದಿ ಎದೆಗೂಡಿನ ಗೋಡೆಗೆ ಹತ್ತಿರ ಬರುತ್ತದೆ. ಆದರೆ ಸಾಮಾನ್ಯ ಮಂಚದಲ್ಲಿ ಅದೇ ಜಾಗ ಹಾಸಿಗೆಗೆ ಒತ್ತಿಕೊಂಡಿರುತ್ತದೆ, ಪ್ರೋಬ್ ಹಿಡಿದ ಕೈ ಅಲ್ಲಿಗೆ ಹೋಗುವುದಿಲ್ಲ. ತಂತ್ರಜ್ಞರು ಪ್ರೋಬನ್ನು ಒಂದು ಪಕ್ಕೆಲುಬಿನಷ್ಟು ಮೇಲಕ್ಕೆ ಇಟ್ಟು ಕೆಲಸ ಮುಗಿಸುತ್ತಾರೆ. ಆಗ ಎಡ ಹೃತ್ಕುಕ್ಷಿ (ರಕ್ತವನ್ನು ಮೈಗೆಲ್ಲ ತಳ್ಳುವ ಕೋಣೆ) ಮೊಟಕಾಗಿ ಕಾಣುತ್ತದೆ: ತುದಿ ದುಂಡಗೆ, ದಪ್ಪಗೆ, ಚುರುಕಾಗಿ ಕುಗ್ಗುವಂತೆ. ನಿಜವಾದ ತುದಿ ತೆಳು, ಹೆಚ್ಚು ಅಲುಗುವುದಿಲ್ಲ. ಮೊಟಕು ಚಿತ್ರದಲ್ಲಿ ಹೃದಯದ ಪಂಪಿಂಗ್ ಪ್ರಮಾಣ ಇರುವುದಕ್ಕಿಂತ ಚೆನ್ನಾಗಿದೆ ಎಂದು ಬರುತ್ತದೆ. ಹೃದಯಾಘಾತವಾದವರ ತುದಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಣ್ಣಿಗೇ ಬೀಳುವುದಿಲ್ಲ, ರಕ್ತ ತೆಳುಮಾಡುವ ಮಾತ್ರೆ ಬರೆಯಬೇಕಾದವರಿಗೆ ಬರೆಯುವುದೂ ಇಲ್ಲ. ನಾಲ್ಕು ಕೋಣೆಗಳ ನೋಟದಲ್ಲೂ ಎರಡು ಕೋಣೆಗಳ ನೋಟದಲ್ಲೂ ಹೃತ್ಕುಕ್ಷಿಯ ಉದ್ದ ಅಳೆದು, ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ತೆಗೆಯಬೇಕೆಂಬ ನಿಯಮ ಕಲಿತವರಿಗೆ ಈ ತಪ್ಪು ಅಲ್ಲೇ ಗೊತ್ತಾಗುತ್ತದೆ. ಎದೆಯ ಎಡಭಾಗದಡಿ ಕೆಳಗಿಳಿಯುವ ತುಂಡಿರುವ ಎಕೋ ಮಂಚವನ್ನು ಯಂತ್ರ ಖರೀದಿಯ ಪಟ್ಟಿಯಲ್ಲೇ ಸೇರಿಸಬೇಕೆಂದು ನಾವು ಒತ್ತಾಯಿಸುವುದು ಇದಕ್ಕೇ. ತಂತ್ರಜ್ಞರ ಭುಜ, ಮಣಿಕಟ್ಟು ವರ್ಷಗಟ್ಟಲೆ ತಾಳಬೇಕಾದರೂ ಆ ಮಂಚ ಬೇಕು.

ಬಸುರಿಯರ ವಿಷಯ ಇನ್ನೂ ಸೂಕ್ಷ್ಮ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ (ಎಡಗಡೆಯ ಮೇಲಿನ ಕೋಣೆಯಾದ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವಿನದು) ಕಿರಿದಾಗಿರುವುದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಿರುವುದಿಲ್ಲ. ಗರ್ಭ ಬೆಳೆದಂತೆ ಮೈಯಲ್ಲಿ ರಕ್ತದ ಪ್ರಮಾಣ ಶೇ 40-50ರಷ್ಟು ಏರುತ್ತದೆ, ನಾಡಿ ಜೋರಾಗುತ್ತದೆ, ಕಿರಿದಾದ ಕವಾಟದ ಹಿಂದೆ ಒತ್ತಡ ಹೆಚ್ಚಿ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ದಮ್ಮು ಬಂದರೆ ರಕ್ತ ಕಡಿಮೆ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಎಕೋದಲ್ಲಿ ಆ ಕವಾಟ ಮೀನಿನ ಬಾಯಿಯಂತೆ ಕಾಣುತ್ತದೆ. ಅದರ ವಿಸ್ತೀರ್ಣ 1.5 ಚದರ ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ರೋಗ ತೀವ್ರ. ಕವಾಟ ಲಾಳಿಕೆಯ ಆಕಾರದಲ್ಲಿರುವುದರಿಂದ ಎಲೆಗಳ ತುದಿಯಲ್ಲೇ ಅಳೆಯಬೇಕು. ಸ್ವಲ್ಪ ಮೇಲೆ ಹೃತ್ಕರ್ಣದ ಕಡೆ ಜಾರಿದರೂ ವಿಸ್ತೀರ್ಣ ದೊಡ್ಡದಾಗಿ ಬರುತ್ತದೆ. ಗೇನ್ (ಚಿತ್ರದ ಪ್ರಖರತೆ) ಜಾಸ್ತಿ ಇಟ್ಟರೆ ಅಂಚು ದಪ್ಪಗಾಗಿ ಚಿಕ್ಕದಾಗಿ ಬರುತ್ತದೆ. ನಾಡಿ ಏರುಪೇರಾಗಿರುವವರಲ್ಲಿ ಡಾಪ್ಲರ್ ಅಳತೆಯನ್ನು ಒಂದೇ ಬಡಿತದ ಮೇಲೆ ಬರೆಯಬಾರದು, ಕನಿಷ್ಠ ಐದು ಬಡಿತಗಳ ಸರಾಸರಿ ಬೇಕು.

ಈಗಿನ ಸ್ಥಿತಿ ಏನು? ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಬಿಎಸ್ಸಿ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಇದೆ. ಅದರಲ್ಲಿ ಇಸಿಜಿ, ಟ್ರೆಡ್‌ಮಿಲ್, ಹೋಲ್ಟರ್ (ದಿನವಿಡೀ ದಾಖಲಿಸುವ ಇಸಿಜಿ), ಕ್ಯಾಥ್ ಲ್ಯಾಬ್ (ಆಂಜಿಯೋಗ್ರಾಂ ಕೊಠಡಿ) ಎಲ್ಲದರ ಜೊತೆ ಎಕೋವನ್ನೂ ಕಲಿಯಬೇಕು. ಹೊರರೋಗಿಗಳ ಸಾಲು ಬಾಗಿಲಾಚೆ ಹೋಗಿರುವಾಗ ಪ್ರೋಬ್ ವಿದ್ಯಾರ್ಥಿಯ ಕೈಗೆ ಸಿಗುವುದು ಕಷ್ಟ. ಹೆಗಲ ಹಿಂದೆ ನಿಂತು ನೋಡಿದ್ದನ್ನೇ ಕಲಿಕೆ ಎಂದು ಲೆಕ್ಕ ಹಿಡಿಯುತ್ತೇವೆ. ಬ್ರಿಟನ್ನಿನ ಎಕೋಕಾರ್ಡಿಯೋಗ್ರಫಿ ಸೊಸೈಟಿ ಮಾನ್ಯತೆ ಕೊಡಲು ಅಭ್ಯರ್ಥಿ 250 ಪರೀಕ್ಷೆಗಳ ದಾಖಲೆ ಪುಸ್ತಕ ಒಪ್ಪಿಸಬೇಕೆಂದು ಕೇಳುತ್ತದೆ. ಇಲ್ಲಿಯೂ ಅಷ್ಟೇ ಸಂಖ್ಯೆ ಇಡಿ, ಅದಕ್ಕಿಂತ ಇಳಿಸಬೇಡಿ.

ಪದವಿ ಮುಗಿಸಿದವರಿಗೆ ಒಂದು ವರ್ಷದ ತರಬೇತಿ ನಮ್ಮ ಕೋರಿಕೆ. ಮೊದಲು ಆರೋಗ್ಯವಂತರ ಮೇಲೆ ಬರೀ ಕಪ್ಪು-ಬಿಳುಪು ಚಿತ್ರ: ಎದೆಮೂಳೆಯ ಎಡಕ್ಕೆ ಮೂರು-ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿ ಪ್ರೋಬಿನ ಗುರುತು ಬಲಭುಜದ ಕಡೆಗಿಟ್ಟು ಉದ್ದದ ನೋಟ, ಅಲ್ಲಿಂದ 90 ಡಿಗ್ರಿ ತಿರುಗಿಸಿ ಅಡ್ಡ ನೋಟ, ಆಮೇಲೆ ತುದಿಯ ನೋಟಗಳು, ಹೊಟ್ಟೆಯ ಮೇಲ್ಭಾಗ, ಕುತ್ತಿಗೆಯ ಬುಡ. ಇವು ಕೈಗೆ ಕೂತ ಮೇಲೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್. ಅದರಲ್ಲಿ ವೇಗದ ಮಿತಿಯನ್ನು ಸೆಕೆಂಡಿಗೆ 50-70 ಸೆಂಟಿಮೀಟರ್ ನಡುವೆ ಇಡುವುದು ರೂಢಿಯಾಗಬೇಕು. 30ಕ್ಕೆ ಇಳಿಸಿದರೆ ಕವಾಟದ ಸಣ್ಣ ಸೋರಿಕೆಯೂ ಭಾರಿಯಾಗಿ ಕಂಡು ಮನೆಮಂದಿಯೆಲ್ಲ ಹೆದರುತ್ತಾರೆ. ಅಳತೆ ಕೊನೆಗೆ. ಮಕ್ಕಳ ಎಕೋಗೆ ಬೇರೆಯೇ ಅವಧಿ, 5-8 ಮೆಗಾಹರ್ಟ್ಸ್‌ನ ಬೇರೆ ಪ್ರೋಬ್. ಒಂದು ಪೂರ್ಣ ಪರೀಕ್ಷೆಗೆ 45 ನಿಮಿಷ ಮೀಸಲಿಡಿ. ವಾರಕ್ಕೊಮ್ಮೆ ಹೃದ್ರೋಗ ತಜ್ಞರು ವಿದ್ಯಾರ್ಥಿಯ ವರದಿ ನೋಡದೆ ಅದೇ ರೋಗಿಯನ್ನು ತಾವೇ ಪರೀಕ್ಷಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಚರ್ಚಿಸಲಿ. ಇಸಿಜಿ ತಂತಿ ಹಚ್ಚದೆ ಎಕೋ ಮಾಡುವ ಕೆಟ್ಟ ರೂಢಿಯನ್ನು ಮೊದಲ ದಿನವೇ ಬಿಡಿಸಬೇಕು. ಆ ಗೆರೆಯಿಲ್ಲದಿದ್ದರೆ ಹೃದಯ ಪೂರ್ತಿ ಹಿಗ್ಗಿದ ಕ್ಷಣ, ಪೂರ್ತಿ ಕುಗ್ಗಿದ ಕ್ಷಣ ಎರಡನ್ನೂ ಅಂದಾಜಿನಲ್ಲಿ ಹಿಡಿಯಬೇಕಾಗುತ್ತದೆ.

ನಮ್ಮ ಸೀಮೆಯ ಬಿಸಿಲು, ಧೂಳು ತಮಗೆ ಗೊತ್ತಿರುವುದೇ. ಎಸಿ, ಆನ್‌ಲೈನ್ ಯುಪಿಎಸ್, ವಾರಕ್ಕೊಮ್ಮೆ ಫಿಲ್ಟರ್ ಸ್ವಚ್ಛ ಮಾಡುವ ಹೊಣೆ ಇವು ಆದೇಶದಲ್ಲೇ ಇರಲಿ. ನಿರ್ವಹಣಾ ಒಪ್ಪಂದದಲ್ಲಿ ಪ್ರೋಬ್ ಸೇರಿದೆಯೇ ಎಂದು ಸಹಿಗೆ ಮುಂಚೆ ನೋಡಿಸಿ. ಕೈಜಾರಿ ಬಿದ್ದ ಅಥವಾ ಗಾಲಿಯಡಿ ಕೇಬಲ್ ಸಿಕ್ಕ ಒಂದು ಪ್ರೋಬಿನಿಂದ ಇಡೀ ಯಂತ್ರ ಮೂಲೆಗೆ ಸೇರಬಾರದು.

ಎಕೋ ಯಂತ್ರವೂ ಅಲ್ಟ್ರಾಸೌಂಡ್ ಯಂತ್ರವೇ ಆದ್ದರಿಂದ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿ ಬೇಕು. ಆ ಕಾಯ್ದೆ ಬಿಗಿಯಾಗಿಯೇ ಇರಲಿ, ಹೆಣ್ಣು ಕೂಸುಗಳ ಜೀವದ ಪ್ರಶ್ನೆ ಅದು. ತರಬೇತಿ ಕೊಠಡಿಯಲ್ಲಿ ಹೃದಯದ ಪ್ರೋಬ್ ಮಾತ್ರ ಇಟ್ಟು, ತಜ್ಞರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳು ಕಲಿಯುವುದಕ್ಕೆ ನಿಯಮವೇನೆಂದು ಆರೋಗ್ಯ ಇಲಾಖೆಯೊಂದಿಗೆ ಸೇರಿ ಸ್ಪಷ್ಟ ಸುತ್ತೋಲೆ ಹೊರಡಿಸಿ. ಕಲಿತವರಿಗೆ ಸಿಂಧನೂರು, ಲಿಂಗಸುಗೂರು, ದೇವದುರ್ಗ, ಗಂಗಾವತಿಯಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಜೂರಾದ ಹುದ್ದೆ ಇರಬೇಕು. ಹುದ್ದೆಯಿಲ್ಲದೆ ಕಲಿಸಿದರೆ ಅವರು ಬೆಂಗಳೂರು, ಹೈದರಾಬಾದ್ ಪಾಲಾಗುತ್ತಾರೆ. ರಾಯಚೂರಿಗೆ ಏಮ್ಸ್ ಬೇಕೆಂಬ ಹೋರಾಟ ನ್ಯಾಯವಾದದ್ದು, ನಾವೂ ಅದರ ಪರ. ಈ ತರಬೇತಿಗೆ ಮಾತ್ರ ಅಲ್ಲಿವರೆಗೆ ಕಾಯಬೇಕಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲೇ ಇದನ್ನು ಶುರುಮಾಡಬಹುದು.

ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಪ್ರಕಟಣೆಗೆ ಮುಂಚೆ ಮೂರೂ ಕಾಲೇಜುಗಳ ನಿರ್ದೇಶಕರ ಸಭೆ ಕರೆಯಬೇಕೆಂದು ವಿನಂತಿ. ಪಠ್ಯದ ಕರಡು, ದಾಖಲೆ ಪುಸ್ತಕದ ನಮೂನೆ, ಸಲಕರಣೆಗಳ ಪಟ್ಟಿಯೊಂದಿಗೆ ನಾವು ಹಾಜರಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಎಕೋ ತಂತ್ರಜ್ಞರು ಮತ್ತು ಬೋಧಕರು
ರಾಯಚೂರು