ಮೊದಲು ನಿಮ್ಮ ಕಂಪ್ಯೂಟರ್ ನೋಡುತ್ತೇವೆ, ಆಮೇಲೆ ಬಿಲ್ ಮಾಡುತ್ತೇವೆ

ಶಿವಮೊಗ್ಗ, 2026ರ ಜನವರಿ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಫೆಬ್ರುವರಿ 1ರಿಂದ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಬದಲಾಗುತ್ತಿದೆ. ಗೇಮಿಂಗ್ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಬಿಡಿಸುವ ಭಾಗ) ಬೇಕು, ಪ್ರೊಸೆಸರ್ ಬೇಕು, ಮಾನಿಟರ್ ಬೇಕು ಅಂತ ಬಂದವರಿಗೆ ಇನ್ನು ಮೇಲೆ ಕೌಂಟರಿನಲ್ಲೇ ಬಿಲ್ ಹಾಕಿ ಕೊಡುವುದಿಲ್ಲ. ಮೊದಲು ನಿಮ್ಮ ಈಗಿನ ಕಂಪ್ಯೂಟರನ್ನು ಬಿಚ್ಚಿ ನೋಡುತ್ತೇವೆ. ಯಾವ ಗೇಮ್ ಆಡುತ್ತೀರಿ ಅಂತ ಕೇಳುತ್ತೇವೆ. ಯಾವ ಭಾಗ ಈಗಲೇ ಬೇಕು, ಯಾವುದನ್ನು ಆರು ತಿಂಗಳು ಮುಂದೆ ಹಾಕಬಹುದು, ಯಾವುದು ಬೇಡವೇ ಬೇಡ ಅಂತ ಒಂದು ಹಾಳೆಯಲ್ಲಿ ಬರೆದು ಕೊಡುತ್ತೇವೆ. ಈ ತಪಾಸಣೆಗೆ 300 ರೂಪಾಯಿ. ಹಾಳೆಯಲ್ಲಿ ಬರೆದ ಯಾವುದೇ ಭಾಗವನ್ನು ನಮ್ಮಲ್ಲೇ ತಗೊಂಡರೆ ಆ 300 ರೂಪಾಯಿಯನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಅದೇ ಹಾಳೆ ಹಿಡಿದುಕೊಂಡು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರಸ್ತೆಗೆ ಹೋಗಿ ತಂದರೂ ನಮಗೆ ಬೇಸರವಿಲ್ಲ. ಹಾಳೆ ನಿಮ್ಮದು.

ಬಾಗಿಲ ಹತ್ತಿರ ಹಾಕಿದ್ದ 'ಫುಲ್ ಸೆಟ್' ಬೋರ್ಡನ್ನೂ ತೆಗೆದಿದ್ದೇವೆ. ಹೊಸದಾಗಿ ಕೊಳ್ಳುವವರಿಗೂ ಇನ್ನು ಹಂತ ಹಂತವಾಗಿಯೇ ಯೋಜನೆ ಹಾಕಿ ಕೊಡುತ್ತೇವೆ.

ಹೀಗೆ ಮಾಡಲು ಕಾರಣವಾದ ಒಂದು ಸಂಗತಿಯನ್ನು ಹೇಳಲೇಬೇಕು. ಕಳೆದ ದೀಪಾವಳಿ ಸಮಯದಲ್ಲಿ ಸಾಗರದ ಕಡೆಯ ಡಿಪ್ಲೊಮಾ ಓದುವ ಹುಡುಗನೊಬ್ಬ ಬಂದ. ಮನೆಯಲ್ಲಿ ಅಡಿಕೆ ದುಡ್ಡು ಬಂದಿತ್ತು, ಅಪ್ಪ ಒಪ್ಪಿದ್ದರು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೇಳಿದ, ನಾವು ಕೊಟ್ಟೆವು. ಹತ್ತು ದಿನ ಬಿಟ್ಟು ವಾಪಸ್ ಬಂದ. "ಅಣ್ಣಾ, ಮೊದಲಿಗೂ ಈಗಿಗೂ ಏನೂ ವ್ಯತ್ಯಾಸ ಕಾಣ್ತಿಲ್ಲ" ಅಂದ. ಕೇಳಿದಾಗ ಗೊತ್ತಾಯಿತು: ಅವನು ಆಡುವುದು ಹೆಚ್ಚಾಗಿ ವ್ಯಾಲರಂಟ್. ಮಾನಿಟರ್ 60 ಹರ್ಟ್ಜಿನದು, ಅಂದರೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುವಂಥದ್ದು. ರ್ಯಾಮ್ (ಗೇಮ್ ಓಡುವಾಗ ಬಳಸುವ ಮೆಮೊರಿ) 8 ಜಿಬಿಯ ಒಂದೇ ಒಂದು ಸ್ಟಿಕ್. ಅವನ ಹಳೆಯ ಕಾರ್ಡೇ ಆ ಗೇಮಿಗೆ ಸಾಕಾಗಿತ್ತು. ಈ ಮೂರು ಪ್ರಶ್ನೆಗಳನ್ನು ನಾವು ಮೊದಲೇ ಕೇಳಬೇಕಿತ್ತು, ಕೇಳಿರಲಿಲ್ಲ. ತಪ್ಪು ನಮ್ಮದು. ಕಾರ್ಡ್ ವಾಪಸ್ ತಗೊಂಡು, ಅದೇ ದುಡ್ಡಿನಲ್ಲಿ ಬೇರೆ ಮಾನಿಟರ್ ಮತ್ತು ಇನ್ನೊಂದು ರ್ಯಾಮ್ ಸ್ಟಿಕ್ ಕೊಟ್ಟೆವು. ಇನ್ನೊಂದಿಷ್ಟು ಹಣವೂ ಉಳಿಯಿತು. ಆದರೆ ಹಾಗೆ ವಾಪಸ್ ಬಾರದೆ ಸುಮ್ಮನಾದವರು ಎಷ್ಟು ಜನ ಇರಬಹುದು ಅನ್ನುವ ಯೋಚನೆ ನಮ್ಮನ್ನು ಬಿಡಲಿಲ್ಲ.

ಎರಡನೆಯ ಕಾರಣ ಬೆಲೆ. ನಿಮಗೂ ಗೊತ್ತಿರುತ್ತದೆ, ಕಳೆದ ಕೆಲವು ತಿಂಗಳಲ್ಲಿ ರ್ಯಾಮ್ ಬೆಲೆ ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ಪ್ರಪಂಚದ ಬಹುಪಾಲು ಮೆಮೊರಿ ಚಿಪ್ ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರ್‌ಗಳಿಂದ ಅವರಿಗೆ ದೊಡ್ಡ ಬೇಡಿಕೆ ಬಂದಿದೆ, ಮಾಲು ಆ ಕಡೆ ಹೋಗುತ್ತಿದೆ. ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಹೆಸರಿನ ರ್ಯಾಮ್ ಮತ್ತು ಎಸ್‌ಎಸ್‌ಡಿಯನ್ನು (ಹಾರ್ಡ್ ಡಿಸ್ಕಿನ ಬದಲು ಹಾಕುವ ವೇಗದ ಸಂಗ್ರಹ) ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್ 3ರಂದು ಹೇಳಿತು. ನಮ್ಮಿಂದ ಕ್ರೂಶಿಯಲ್ ತಗೊಂಡವರು ಹೆದರಬೇಡಿ, ವಾರಂಟಿ ಮುಂದುವರಿಯುತ್ತದೆ ಅಂತ ಅವರೇ ಹೇಳಿದ್ದಾರೆ. ಬಿಲ್ ಜೋಪಾನ ಮಾಡಿಟ್ಟುಕೊಳ್ಳಿ. ಆದರೆ ಇಂಥ ಹೊತ್ತಿನಲ್ಲಿ ಎಲ್ಲವನ್ನೂ ಒಂದೇ ಸಲ ಬದಲಿಸಿ ಅಂತ ಹೇಳಲು ನಮಗೆ ಮನಸ್ಸು ಬರುವುದಿಲ್ಲ. ಇದೇ ಕಾರಣಕ್ಕೆ ಕೊಟೇಶನ್ ಅವಧಿಯೂ ಬದಲಾಗುತ್ತಿದೆ. ಮೊದಲು 15 ದಿನ ಅದೇ ಬೆಲೆಗೆ ಕೊಡುತ್ತಿದ್ದೆವು. ಈಗ ರ್ಯಾಮ್ ಮತ್ತು ಎಸ್‌ಎಸ್‌ಡಿಗೆ 3 ದಿನ, ಉಳಿದದ್ದಕ್ಕೆ 7 ದಿನ ಮಾತ್ರ.

ಹಾಳೆಯಲ್ಲಿ ಏನು ಬರೆಯುತ್ತೇವೆ ಅಂತ ತಿಳಿಯಲು ಒಂದು ಉದಾಹರಣೆ ನೋಡಿ. 2019ರ ಹೊತ್ತಿಗೆ ನಮ್ಮಲ್ಲಿ ತುಂಬಾ ಜನ ಮಾಡಿಸಿದ ಸೆಟ್ ಇದು: ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್ (ಎಲ್ಲ ಭಾಗ ಕೂರುವ ಮುಖ್ಯ ಬೋರ್ಡ್), 8 ಜಿಬಿ ರ್ಯಾಮ್, ಜಿಟಿಎಕ್ಸ್ 1650 ಕಾರ್ಡ್, ಒಂದು ಹಾರ್ಡ್ ಡಿಸ್ಕ್, 60 ಹರ್ಟ್ಜ್ ಮಾನಿಟರ್. ಇದನ್ನು ಹಳೆ ಸಾಮಾನು ಅಂತ ಎಸೆಯಬೇಕಾಗಿಲ್ಲ. ಈ ಬೋರ್ಡಿನ ಮೇಲೆ ಇನ್ನೂ ಮೂರ್ನಾಲ್ಕು ವರ್ಷ ಚೆನ್ನಾಗಿ ಆಡಬಹುದು.

ಮೊದಲ ಹಂತಕ್ಕೆ ದುಡ್ಡೇ ಬೇಡ. ಧೂಳು ತೆಗೆಯುತ್ತೇವೆ, ಪ್ರೊಸೆಸರ್ ಮೇಲಿನ, ಬಿಸಿಯನ್ನು ಕೂಲರಿಗೆ ಸಾಗಿಸುವ ಪೇಸ್ಟ್ ಬದಲಿಸುತ್ತೇವೆ. ರ್ಯಾಮ್ ಮೇಲೆ ವೇಗ 3200 ಅಂತ ಬರೆದಿದ್ದರೂ ಎಷ್ಟೋ ಕಂಪ್ಯೂಟರಿನಲ್ಲಿ ಅದು 2400ರಲ್ಲೋ 2666ರಲ್ಲೋ ಓಡುತ್ತಿರುತ್ತದೆ. ಬಯಾಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್), ರ್ಯಾಮನ್ನು ಬರೆದ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಬೇಕು, ಅಷ್ಟೇ. ಇನ್ನೊಂದು ವಿಷಯ ನೋಡಿ ನಮಗೇ ಸಂಕಟ ಆಗಿದೆ: 144 ಹರ್ಟ್ಜ್ ಮಾನಿಟರ್ ತಗೊಂಡು ವರ್ಷವಾದರೂ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60 ಹರ್ಟ್ಜ್ ಅಂತಲೇ ಇರುತ್ತದೆ. ಇದನ್ನು ಈಗಲೇ ನೀವೇ ನೋಡಿಕೊಳ್ಳಬಹುದು, ನಮ್ಮ ಹತ್ತಿರ ಬರಬೇಕಾಗಿಲ್ಲ.

ಎರಡನೆಯದು ರ್ಯಾಮ್ ಮತ್ತು ಎಸ್‌ಎಸ್‌ಡಿ. ಒಂದೇ ಸ್ಟಿಕ್ ಇದ್ದರೆ ಪ್ರೊಸೆಸರಿಗೂ ರ್ಯಾಮಿಗೂ ನಡುವಿನ ಎರಡು ದಾರಿಯಲ್ಲಿ ಒಂದು ಖಾಲಿ ಬಿದ್ದಿರುತ್ತದೆ. ಅಂಥದೇ ಇನ್ನೊಂದು 8 ಜಿಬಿ ಹಾಕಿದರೆ ಎರಡೂ ದಾರಿ ತೆರೆಯುತ್ತದೆ, ಆಟದ ನಡುವೆ ತಡೆತಡೆದು ಓಡುವುದು ಕಡಿಮೆಯಾಗುತ್ತದೆ. ಈ ಬೋರ್ಡಿಗೆ ಹಾಕುವ ಡಿಡಿಆರ್4 ರ್ಯಾಮ್ ಹೊಸದರ ಬೆಲೆ ಏರಿರುವುದರಿಂದ, ನಾವೇ ಪರೀಕ್ಷೆ ಮಾಡಿದ ಹಳೆಯ ಸ್ಟಿಕ್ ಇದ್ದರೆ ಅದನ್ನೇ ತೋರಿಸುತ್ತೇವೆ. ಎಸ್‌ಎಸ್‌ಡಿ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ವಿಂಡೋಸ್ ಇನ್ನೂ ಹಾರ್ಡ್ ಡಿಸ್ಕಿನಲ್ಲಿದ್ದರೆ ಅದೇ ಮೊದಲ ಖರ್ಚು.

ಮೂರನೆಯ ಹಂತದಲ್ಲೇ ಎಲ್ಲರೂ ಎಡವುವುದು. ಮಾನಿಟರ್ ಮೊದಲೋ, ಕಾರ್ಡ್ ಮೊದಲೋ?

ನಮ್ಮ ಉತ್ತರ ನೀವು ಆಡುವ ಗೇಮಿನ ಮೇಲೆ ನಿಂತಿದೆ. 60 ಹರ್ಟ್ಜ್ ಪರದೆ ಒಂದು ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ, ಅಂದರೆ ಸುಮಾರು 16.7 ಮಿಲಿಸೆಕೆಂಡಿಗೆ ಒಂದು. 144 ಹರ್ಟ್ಜಿನಲ್ಲಿ 6.9 ಮಿಲಿಸೆಕೆಂಡಿಗೆ ಒಂದು. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ತರಹದ ಗೇಮಿನಲ್ಲಿ ಎದುರಾಳಿ ಮೂಲೆಯಿಂದ ಹೊರಬರುವುದು ನಿಮಗೆ ಅಷ್ಟು ಬೇಗ ಕಾಣುತ್ತದೆ. ಜಿಟಿಎಕ್ಸ್ 1650 ಕೂಡ ವ್ಯಾಲರಂಟಿನಲ್ಲಿ ಸೆಕೆಂಡಿಗೆ 100ಕ್ಕಿಂತ ಜಾಸ್ತಿ ಚಿತ್ರ ಕೊಡುತ್ತದೆ. ಕಾರ್ಡ್ ಕೊಡುತ್ತಿದೆ, ಪರದೆ ತೋರಿಸುತ್ತಿಲ್ಲ. ಇಂಥವರು ಮೊದಲು ಮಾನಿಟರ್ ಬದಲಿಸಬೇಕು. ಕಥೆ ಇರುವ ದೊಡ್ಡ ಗೇಮ್‌ಗಳನ್ನು ಆಡುವವರಿಗೆ ಇದು ತಿರುಗುಮುರುಗು. ಅಲ್ಲಿ ಕಾರ್ಡೇ ಸೆಕೆಂಡಿಗೆ 40 ಚಿತ್ರ ದಾಟದೆ ಒದ್ದಾಡುತ್ತಿರುತ್ತದೆ. ಆಗ 144 ಹರ್ಟ್ಜ್ ತಂದು ಏನು ಪ್ರಯೋಜನ, ಅಲ್ವಾ?

ಅಳತೆ ವಿಷಯದಲ್ಲೂ ಸ್ವಲ್ಪ ನಿಧಾನಿಸಿ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. 1440ಪಿಯಲ್ಲಿ 36.9 ಲಕ್ಷ. 4ಕೆಯಲ್ಲಿ 82.9 ಲಕ್ಷ, 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಪ್ರತಿ ಚಿತ್ರಕ್ಕೂ ಅಷ್ಟನ್ನೂ ಕಾರ್ಡ್ ಬಿಡಿಸಬೇಕು. ಪರದೆ ದೊಡ್ಡದು ಮಾಡಿಕೊಂಡು ಕಾರ್ಡ್ ಹಳೆಯದೇ ಇಟ್ಟುಕೊಂಡರೆ ಆಟ ಇನ್ನೂ ನಿಧಾನವಾಗುತ್ತದೆ. 1080ಪಿ ಬೇಕಾದವರು 24 ಇಂಚಿನಲ್ಲೇ ನಿಲ್ಲಿ. 27 ಇಂಚಿನಲ್ಲಿ 1080ಪಿ ಹಾಕಿದರೆ ಮೇಜಿನ ದೂರದಿಂದ ಅಕ್ಷರದ ಅಂಚು ಒರಟಾಗಿ ಕಾಣುತ್ತದೆ. 27 ಇಂಚಿಗೆ 1440ಪಿ ಸರಿ. ಮುಂದಿನ ವರ್ಷ ದೊಡ್ಡ ಕಾರ್ಡ್ ಹಾಕುವುದು ಖಚಿತವಾಗಿದ್ದರೆ ಈಗಲೇ 1440ಪಿ ಮಾನಿಟರ್ ತಗೊಳ್ಳಿ ಅಂತ ಹಾಳೆಯಲ್ಲಿ ಬರೆಯುತ್ತೇವೆ. ಯಾಕೆಂದರೆ ಕಾರ್ಡ್ ನಾಲ್ಕು ವರ್ಷಕ್ಕೆ ಹಳೆಯದಾದರೆ ಒಳ್ಳೆಯ ಮಾನಿಟರ್ ಎಂಟು ವರ್ಷ ಕಣ್ಣ ಮುಂದೆ ಇರುತ್ತದೆ. ಫ್ರೀಸಿಂಕ್ (ಕಾರ್ಡ್ ಕೊಡುವ ವೇಗಕ್ಕೆ ಪರದೆ ಹೊಂದಿಕೊಳ್ಳುವ ಎಎಂಡಿ ತಂತ್ರ) ಇರುವ ಮಾನಿಟರನ್ನೇ ಆರಿಸಿ. 2019ರ ಜನವರಿಯಿಂದ ಎನ್‌ವಿಡಿಯಾ ಕೂಡ ಜಿಟಿಎಕ್ಸ್ 10 ಸರಣಿ ಮತ್ತು ಅದರ ನಂತರದ ಕಾರ್ಡ್‌ಗಳಲ್ಲಿ ಡಿಸ್‌ಪ್ಲೇಪೋರ್ಟ್ ಮೂಲಕ ಅಂಥ ಮಾನಿಟರ್‌ಗಳಿಗೆ ಹೊಂದಿಕೊಳ್ಳುತ್ತದೆ. ಎನ್‌ವಿಡಿಯಾದ ಇಂಥದೇ ಜಿ-ಸಿಂಕ್ ಹೆಸರಿಗೆ ಬೇರೆ ದುಡ್ಡು ಕೊಡಬೇಕಾಗಿಲ್ಲ.

ಕಾರ್ಡಿಗೂ ಮೊದಲು ಎಸ್‌ಎಂಪಿಎಸ್ (ಎಲ್ಲ ಭಾಗಕ್ಕೂ ಕರೆಂಟ್ ಹಂಚುವ ಪೆಟ್ಟಿಗೆ) ನೋಡಬೇಕು. ಜಿಟಿಎಕ್ಸ್ 1650 ತಿನ್ನುವುದು 75 ವ್ಯಾಟ್, ಅಷ್ಟನ್ನು ಮದರ್‌ಬೋರ್ಡಿನ ಸ್ಲಾಟೇ ಕೊಡುತ್ತದೆ. ಅದಕ್ಕಿಂತ ದೊಡ್ಡ ಕಾರ್ಡ್ ಆರ್‌ಎಕ್ಸ್ 6600 ಆದರೆ 132 ವ್ಯಾಟ್, ಆರ್‌ಟಿಎಕ್ಸ್ 3060 ಆದರೆ 170. ಇವಕ್ಕೆ ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಬೇಕು. ಕ್ಯಾಬಿನೆಟ್ ಜೊತೆ ಫ್ರೀ ಬಂದ ಎಸ್‌ಎಂಪಿಎಸ್ ಮೇಲೆ ಎಷ್ಟೇ ವ್ಯಾಟ್ ಬರೆದಿರಲಿ, ಅದಕ್ಕೆ ಇಂಥ ಕಾರ್ಡ್ ಸಿಕ್ಕಿಸಲು ನಾವು ಒಪ್ಪುವುದಿಲ್ಲ. ಗ್ರಾಹಕರು ಒತ್ತಾಯ ಮಾಡಿದರೂ ಇಲ್ಲ.

ಪ್ರೊಸೆಸರ್ ಕೊನೆಗೆ. ಅದು ನಿಜವಾಗಿ ಬೇಕಾ ಅಂತ ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಆಟದ ಒಳಗೆ ರೆಸಲ್ಯೂಶನ್ (ಚಿತ್ರದ ಚುಕ್ಕೆಗಳ ಸಂಖ್ಯೆ) ಇಳಿಸಿ. ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಚೆನ್ನಾಗಿ ಏರಿದರೆ ಅಡ್ಡಿ ಇರುವುದು ಕಾರ್ಡಿನಲ್ಲಿ. ಏರದೆ ಅಲ್ಲೇ ನಿಂತರೆ ಪ್ರೊಸೆಸರಿನಲ್ಲಿ. ಬಿ450 ಬೋರ್ಡ್ ಇರುವವರ ಅದೃಷ್ಟ ಏನೆಂದರೆ, ಬಯಾಸ್ ಅಪ್‌ಡೇಟ್ ಮಾಡಿದರೆ 2022ರಲ್ಲಿ ಬಂದ ರೈಜೆನ್ 5 5600 ಅದೇ ಬೋರ್ಡಿನಲ್ಲಿ ಕೂರುತ್ತದೆ. 2600, 5600 ಎರಡೂ 65 ವ್ಯಾಟಿನವೇ. ಅದೇ ರ್ಯಾಮ್, ಅದೇ ಕೂಲರ್ ಸಾಕು. ಹೊಸ ತಲೆಮಾರಿನ ರೈಜೆನ್ ಕೂರುವ ಎಎಂ5 ಬೋರ್ಡಿಗೆ ಹೋದರೆ ಬೋರ್ಡ್, ಪ್ರೊಸೆಸರ್, ಡಿಡಿಆರ್5 ರ್ಯಾಮ್ ಮೂರನ್ನೂ ಒಟ್ಟಿಗೆ ಕೊಳ್ಳಬೇಕು. ಈಗಿನ ರ್ಯಾಮ್ ಬೆಲೆಯಲ್ಲಿ ಅದು ಬೇಡ ಅನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ. ಒಂದು ಎಚ್ಚರಿಕೆ: ಬಯಾಸ್ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮಾಡಬೇಕು. ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು. ನಮ್ಮ ಮಲೆನಾಡಿನ ಕರೆಂಟ್ ನಂಬಿ ಮನೆಯಲ್ಲಿ ಮಾಡಬೇಡಿ. ಇಲ್ಲಿ ಯುಪಿಎಸ್ ಮೇಲೆ ಇಟ್ಟು ಮಾಡಿ ಕೊಡುತ್ತೇವೆ, ಅದಕ್ಕೆ ಬೇರೆ ಚಾರ್ಜ್ ಇಲ್ಲ.

ಯುಪಿಎಸ್ ಅಂದಾಗ ನೆನಪಾಯಿತು. ಮನೆಯಲ್ಲಿ 600 ವಿಎ ಯುಪಿಎಸ್ ಇದ್ದರೆ ಅದು ಸಾಮಾನ್ಯವಾಗಿ 360 ವ್ಯಾಟಿನದು. ದೊಡ್ಡ ಕಾರ್ಡ್ ಹಾಕಿದ ಮೇಲೆ ಆಟದ ನಡುವೆ ಕರೆಂಟ್ ಹೋದರೆ ಅದು ಭಾರ ತಡೆಯದೆ ಆಫ್ ಆಗಬಹುದು. ಹಾಗಾಗಿ ಹಾಳೆಯಲ್ಲಿ ಯುಪಿಎಸ್ ಲೆಕ್ಕವನ್ನೂ ಸೇರಿಸುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಸಿಡಿಲಿಗೆ ಸುಟ್ಟ ಬೋರ್ಡ್‌ಗಳು ಪ್ರತಿವರ್ಷ ನಮ್ಮ ಹತ್ತಿರ ಬರುತ್ತವೆ. ಅವುಗಳಲ್ಲಿ ಎಷ್ಟೋ ಸುಡುವುದು ಇಂಟರ್‌ನೆಟ್ ವೈರಿನ ಕಡೆಯಿಂದ. ಗುಡುಗು ಶುರುವಾದರೆ ಪ್ಲಗ್ ಜೊತೆಗೆ ಆ ವೈರನ್ನೂ ಕೀಳಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಕಾರಣಕ್ಕೆ ಕಂಪ್ಯೂಟರನ್ನೇ ಬದಲಿಸಬೇಕಾ ಅಂತ ದಿನಾ ಇಬ್ಬರಾದರೂ ಕೇಳುತ್ತಾರೆ. ಇಂಟೆಲ್ 8ನೇ ತಲೆಮಾರು ಅಥವಾ ರೈಜೆನ್ 2000 ಸರಣಿಯಿಂದ ಈಚೆಗಿನ ಪ್ರೊಸೆಸರ್‌ಗಳು ಹೆಚ್ಚಾಗಿ ವಿಂಡೋಸ್ 11ಕ್ಕೆ ಸರಿಹೋಗುತ್ತವೆ. ಮೇಲೆ ಹೇಳಿದ 2600 ಕೂಡ ಸರಿಹೋಗುತ್ತದೆ. ಬಯಾಸಿನಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೆಟ್ಟಿಂಗ್ ಆನ್ ಮಾಡಬೇಕು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಲು ಇವೆರಡೂ ಬೇಕೇ ಬೇಕು. ತಪಾಸಣೆಯ ಜೊತೆಗೇ ಇದನ್ನೂ ಮಾಡಿ ಕೊಡುತ್ತೇವೆ.

ತೆಗೆದ ಹಳೆಯ ಭಾಗಗಳನ್ನು ಇನ್ನು ಮುಂದೆ ನಾವೇ ಕೊಳ್ಳುತ್ತೇವೆ. ಕಾರ್ಡ್ ಆದರೆ ಎರಡು ಗಂಟೆ ಲೋಡ್ ಹಾಕಿ ಬಿಸಿ, ಫ್ಯಾನ್, ಚಿತ್ರ ಎಲ್ಲ ನೋಡಿ ಬೆಲೆ ಹೇಳುತ್ತೇವೆ. ಅವನ್ನು ಮತ್ತೆ ಮಾರುವಾಗ 30 ದಿನದ ಅಂಗಡಿ ವಾರಂಟಿ ಬರೆದು ಕೊಡುತ್ತೇವೆ. ಮೈನಿಂಗಿಗೆ (ಕಾರ್ಡನ್ನು ಹಗಲಿರುಳು ಓಡಿಸಿ ಕ್ರಿಪ್ಟೋ ಹಣ ಗಳಿಸುವ ಕೆಲಸ) ಓಡಿಸಿದ ಕಾರ್ಡ್ ಅಂತ ಗೊತ್ತಾದರೆ ಮಾರುವಾಗ ಬಿಲ್ಲಿನ ಮೇಲೆ ಹಾಗೆಂದೇ ಬರೆಯುತ್ತೇವೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ಹಣದ ಮೈನಿಂಗ್ ನಿಂತ ಮೇಲೆ ಅಂಥ ಕಾರ್ಡ್‌ಗಳು ಊರೂರಿಗೆ ಬಂದಿವೆ. ಎಲ್ಲವೂ ಕೆಟ್ಟಿವೆ ಅಂತಲ್ಲ. ಆದರೆ ಕೊಳ್ಳುವವರಿಗೆ ಗೊತ್ತಿರಬೇಕು.

ಮಕ್ಕಳ ಜೊತೆ ಬರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಹಾಳೆಯನ್ನು ನಿಮ್ಮ ಮುಂದೆಯೇ ಬರೆಯುತ್ತೇವೆ. ಪ್ರತಿ ಭಾಗದ ಎದುರು ಅದು ಯಾಕೆ ಬೇಕು ಅಂತ ಒಂದು ಸಾಲು ಇರುತ್ತದೆ. ಅರ್ಥವಾಗದಿದ್ದರೆ ಎಷ್ಟು ಸಲ ಬೇಕಾದರೂ ಕೇಳಿ.

ತಪಾಸಣೆ ಮಂಗಳವಾರದಿಂದ ಶನಿವಾರದವರೆಗೆ. ಬೆಳಿಗ್ಗೆ 10ಕ್ಕೆ ಬಿಟ್ಟು ಹೋದರೆ ಸಂಜೆ 5ಕ್ಕೆ ಹಾಳೆ ಸಮೇತ ವಾಪಸ್. ದೂರದವರು ಮಾನಿಟರ್ ಹೊತ್ತು ತರಬೇಡಿ, ಹಿಂಭಾಗದ ಸ್ಟಿಕ್ಕರಿನ ಫೋಟೋ ಇದ್ದರೆ ಸಾಕು. ಜಾಸ್ತಿ ಆಡುವ ಮೂರು ಗೇಮಿನ ಹೆಸರು ಬರೆದು ತನ್ನಿ. ಬಸ್ಸಿನಲ್ಲೋ ಕಾರಿನಲ್ಲೋ ತರುವಾಗ ಕ್ಯಾಬಿನೆಟನ್ನು ನಿಲ್ಲಿಸಬೇಡಿ, ಮದರ್‌ಬೋರ್ಡ್ ಇರುವ ಬದಿ ಕೆಳಗಾಗುವಂತೆ ಮಲಗಿಸಿ. ಹಾಗಿದ್ದರೆ ರಸ್ತೆಯ ಗುಂಡಿಗೆ ಕಾರ್ಡಿನ ಭಾರ ಸ್ಲಾಟನ್ನು ಜಗ್ಗುವುದಿಲ್ಲ.

ಇಂತಿ ನಿಮ್ಮ,
ಅಂಗಡಿಯ ಎಲ್ಲರ ಪರವಾಗಿ